ಗರ್ಭಿಣಿಯ ಧೂಮಪಾನ ಮತ್ತು ನವಜಾತ ಶಿಶು: ಒಂದು ವೈದ್ಯಕೀಯ ವಿವಾದದ ಇತಿಹಾಸ

೧

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶೋಧಗಳ ಕಥೆಯನ್ನು ಬರೆಯುತ್ತಾರೆ. ಯಾವ ಸಂಗತಿಯನ್ನು ಯಾರು, ಯಾವ ವರ್ಷದಲ್ಲಿ ಮೊದಲು ಕಂಡರು ಎಂಬುದೇ ಅಲ್ಲಿ ಮುಖ್ಯವಾಗುತ್ತದೆ. ಆದರೆ ಒಂದು ಸಂಗತಿ ಕಣ್ಣಿಗೆ ಬಿದ್ದ ದಿನಕ್ಕೂ ಅದರ ಕಾರಣವನ್ನು ವಿದ್ವಾಂಸರು ಒಪ್ಪಿಕೊಂಡ ದಿನಕ್ಕೂ ನಡುವೆ ಕಳೆದುಹೋಗುವ ಕಾಲಕ್ಕೂ ಒಂದು ಇತಿಹಾಸವುಂಟು. ಆ ಕಾಲದಲ್ಲಿ ನಡೆದ ವಾದವಿವಾದಗಳು, ಪ್ರಾಮಾಣಿಕವಾದ ಸಂದೇಹಗಳು, ಆ ಸಂದೇಹಗಳು ಇತರರ ಕೈಯಲ್ಲಿ ಪಡೆದ ರೂಪ ಇವೆಲ್ಲವೂ ಇತಿಹಾಸಕಾರನ ಗಮನಕ್ಕೆ ಅರ್ಹವಾದುವೇ. ಗರ್ಭಿಣಿಯು ಸಿಗರೇಟು ಸೇದಿದರೆ ಹುಟ್ಟುವ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆ ಇದಕ್ಕೆ ಒಳ್ಳೆಯ ನಿದರ್ಶನ. ಧೂಮಪಾನ ಮಾಡುವ ತಾಯಂದಿರಿಗೆ ಕಡಿಮೆ ತೂಕದ ಮಕ್ಕಳು ಹೆಚ್ಚಾಗಿ ಹುಟ್ಟುತ್ತವೆಂಬುದು ೧೯೫೭ರಲ್ಲಿಯೇ ಅಂಕಿಗಳ ಮೂಲಕ ತಿಳಿದುಬಂದಿತು. ಅದಕ್ಕೆ ಸಿಗರೇಟೇ ಕಾರಣವೆಂಬುದನ್ನು ಪ್ರಯೋಗದಿಂದ ತೋರಿಸಿದುದು ೧೯೮೪ರಲ್ಲಿ. ನಡುವಣ ಇಪ್ಪತ್ತೇಳು ವರ್ಷಗಳಲ್ಲಿ ನಡೆದುದೇನೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹೊಗೆಸೊಪ್ಪಿನಿಂದ ಗರ್ಭಕ್ಕೆ ಕೇಡುಂಟೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಯೂರೋಪಿನ ಹೊಗೆಸೊಪ್ಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಗರ್ಭಪಾತ ಹೆಚ್ಚಾಗುತ್ತದೆಯೇ ಎಂಬುದನ್ನು ಆಗಿನ ವೈದ್ಯರು ಚರ್ಚಿಸಿದ್ದರು. ಆದರೆ ಆ ಕಾಲದ ಪಾಶ್ಚಾತ್ಯ ಸಮಾಜದಲ್ಲಿ ಹೆಂಗಸರು ಸಿಗರೇಟು ಸೇದುವುದು ವಿರಳವಾಗಿದ್ದುದರಿಂದ ಪ್ರಶ್ನೆ ಕಾರ್ಖಾನೆಯ ಗೋಡೆಗಳೊಳಗೇ ಉಳಿಯಿತು.

ಮೊದಲನೆಯ ಮಹಾಯುದ್ಧದ ತರುವಾಯ ಈ ಪರಿಸ್ಥಿತಿ ಬದಲಾಯಿತು. ಅಮೆರಿಕದ ಸಿಗರೇಟು ತಯಾರಕರು ಹೆಂಗಸರನ್ನು ಹೊಸ ಗಿರಾಕಿಗಳನ್ನಾಗಿ ಮಾಡಿಕೊಳ್ಳಲು ಯತ್ನಿಸಿದರು. ಸಿಹಿತಿಂಡಿಗೆ ಬದಲಾಗಿ ಸಿಗರೇಟು ಸೇದಿದರೆ ಮೈ ತೆಳ್ಳಗಿರುತ್ತದೆಂಬ ಅರ್ಥದ ಜಾಹೀರಾತುಗಳನ್ನು ಲಕ್ಕಿ ಸ್ಟ್ರೈಕ್ ಸಿಗರೇಟಿನವರು ೧೯೨೮ರ ಸುಮಾರಿನಲ್ಲಿ ಹೊರಡಿಸಿದರು. ೧೯೨೯ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಕೆಲವು ತರುಣಿಯರು ಬಹಿರಂಗವಾಗಿ ಸಿಗರೇಟು ಹಚ್ಚಿಕೊಂಡು ನಡೆದರು. ಪತ್ರಿಕೆಗಳು ಇದನ್ನು ಸ್ತ್ರೀಸ್ವಾತಂತ್ರ್ಯದ ಕುರುಹೆಂಬಂತೆ ವರದಿಮಾಡಿದುವು. ಆದರೆ ಮೆರವಣಿಗೆಯನ್ನು ಯೋಜಿಸಿದವರು ಅಮೆರಿಕನ್ ಟೊಬ್ಯಾಕೊ ಕಂಪನಿಯ ಪ್ರಚಾರಕಾರ್ಯವನ್ನು ವಹಿಸಿಕೊಂಡಿದ್ದ ಎಡ್ವರ್ಡ್ ಬರ್ನೇಸ್. ಹೀಗೆ ಹೆಂಗಸರಲ್ಲಿ ಧೂಮಪಾನ ಹರಡುತ್ತ ಬಂದು, ಎರಡನೆಯ ಮಹಾಯುದ್ಧದ ಅನಂತರ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಪ್ರಸವಕ್ಕೆಂದು ಆಸ್ಪತ್ರೆಗೆ ಬರುವವರಲ್ಲಿ ಸಿಗರೇಟು ಸೇದುವವರು ಸಾಮಾನ್ಯರಾದರು. ದೊಡ್ಡ ಪ್ರಮಾಣದ ಹೋಲಿಕೆ ಆಗ ಸಾಧ್ಯವಾಯಿತು.

ಈ ನಡುವೆ, ೧೯೩೫ರಲ್ಲಿ, ಅಮೆರಿಕದ ಒಹಾಯೊ ಸಂಸ್ಥಾನದಲ್ಲಿದ್ದ ಫೆಲ್ಸ್ ಸಂಶೋಧನ ಸಂಸ್ಥೆಯ ಸಾಂಟಾಗ್ ಮತ್ತು ವ್ಯಾಲೆಸ್ ಎಂಬವರು ಒಂದು ಚಿಕ್ಕ ಪರೀಕ್ಷೆಯನ್ನು ಪ್ರಕಟಿಸಿದ್ದರು. ತಾಯಿ ಸಿಗರೇಟು ಸೇದಿದಾಗ ಗರ್ಭಸ್ಥ ಶಿಶುವಿನ ಎದೆಬಡಿತದ ವೇಗ ಬದಲಾಗುತ್ತದೆಂದು ಅವರು ಕಂಡುಕೊಂಡರು. ತಾಯಿ ಸೇದಿದ ಹೊಗೆಯ ಪರಿಣಾಮ ಮಗುವನ್ನು ಮುಟ್ಟುತ್ತದೆಂಬುದಕ್ಕೆ ಇದೊಂದು ಸೂಚನೆ. ಆದರೆ ಎದೆಬಡಿತದ ತಾತ್ಕಾಲಿಕ ಬದಲಾವಣೆಯಿಂದ ಮಗುವಿಗೆ ಹಾನಿಯಾಯಿತೆಂದು ಹೇಳುವಂತಿರಲಿಲ್ಲ.

೩

ಪ್ರಶ್ನೆಯನ್ನು ಸಂಖ್ಯಾಶಾಸ್ತ್ರದ ನೆಲೆಗೆ ತಂದುದು ೧೯೫೭ರಲ್ಲಿ ವೈನಿಯ ಸಿಂಪ್ಸನ್ ಅವರು ಪ್ರಕಟಿಸಿದ ಪ್ರಾಥಮಿಕ ವರದಿ. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಪ್ರದೇಶದ ಆಸ್ಪತ್ರೆಗಳಲ್ಲಿ ಹೆತ್ತ ಸುಮಾರು ೭,೫೦೦ ತಾಯಂದಿರ ವಿವರಗಳನ್ನು ಅವರು ಕಲೆಹಾಕಿದ್ದರು. ಸಿಗರೇಟು ಸೇದುವವರಲ್ಲಿ ಅಕಾಲಪ್ರಸವದ ಪ್ರಮಾಣ ಸೇದದವರಲ್ಲಿ ಇದ್ದುದಕ್ಕಿಂತ ಸುಮಾರು ಎರಡರಷ್ಟಿತ್ತು. ಅಷ್ಟೇ ಅಲ್ಲದೆ, ದಿನಕ್ಕೆ ಸೇದುವ ಸಿಗರೇಟುಗಳ ಸಂಖ್ಯೆ ಏರಿದಂತೆ ಈ ಪ್ರಮಾಣವೂ ಏರುತ್ತಿತ್ತು.

ಇಲ್ಲಿ ‘ಅಕಾಲಪ್ರಸವ’ವೆಂಬ ಮಾತಿನ ಅರ್ಥವನ್ನು ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ೨,೫೦೦ ಗ್ರಾಂ, ಎಂದರೆ ಸುಮಾರು ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗುವ ಮಗುವನ್ನೆಲ್ಲ ದಿನ ತುಂಬದ ಮಗುವೆಂದೇ ಎಣಿಸುವುದು ರೂಢಿಯಾಗಿತ್ತು. ಇದರಿಂದ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಬೆರೆತುಹೋಗಿದ್ದುವು. ಮಗು ಬೇಗ ಹುಟ್ಟಿದುದರಿಂದ ಚಿಕ್ಕದಾಗಿರಬಹುದು. ಅಥವಾ ದಿನ ತುಂಬಿಯೂ ಬೆಳೆವಣಿಗೆ ಸಾಲದೆ ಚಿಕ್ಕದಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೊಂದು ೧೯೬೧ರಲ್ಲಿ ಇಂಥ ಮಕ್ಕಳನ್ನು ‘ಕಡಿಮೆ ಹುಟ್ಟುತೂಕದ ಮಕ್ಕಳು’ ಎಂದು ಕರೆಯಬೇಕೆಂದು ಸೂಚಿಸಿದುದು ಈ ಗೊಂದಲವನ್ನು ನಿವಾರಿಸುವುದಕ್ಕಾಗಿಯೇ.

ಸಿಗರೇಟಿನ ವಿಷಯದಲ್ಲಿ ಈ ಎರಡನ್ನು ಬೇರ್ಪಡಿಸಿ ನೋಡಿದವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸಮಾಡುತ್ತಿದ್ದ ಸಿ. ಆರ್. ಲೋ. ಸುಮಾರು ಎರಡು ಸಾವಿರ ತಾಯಂದಿರನ್ನು ಕುರಿತ ಅವರ ಲೇಖನ ೧೯೫೯ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವವರ ಮಕ್ಕಳು ಸರಾಸರಿ ಆರು ಔನ್ಸು, ಎಂದರೆ ಸುಮಾರು ೧೭೦ ಗ್ರಾಂ, ಕಡಿಮೆ ತೂಗುತ್ತಿದ್ದುವು. ಈ ಕೊರತೆ ಮುಖ್ಯವಾಗಿ ಬೇಗ ಹುಟ್ಟಿದುದರಿಂದ ಬಂದುದಲ್ಲ, ಗರ್ಭದಲ್ಲಿ ಬೆಳೆವಣಿಗೆ ಕುಂಠಿತವಾದುದರಿಂದ ಬಂದುದು ಎಂದು ಅವರು ತೋರಿಸಿದರು. ಮುಂದಿನ ವರ್ಷಗಳಲ್ಲಿ ಹಲವು ನಗರಗಳಿಂದ ಬಂದ ವರದಿಗಳೂ ತೂಕದ ಕೊರತೆಯನ್ನು ಸಮರ್ಥಿಸಿದುವು. ೧೯೬೦ರ ದಶಕದ ನಡುವಿನ ಹೊತ್ತಿಗೆ ಕೊರತೆ ಇದೆಯೇ ಎಂಬುದು ಪ್ರಶ್ನೆಯಾಗಿ ಉಳಿದಿರಲಿಲ್ಲ. ಅದರ ಅರ್ಥವೇನು ಎಂಬುದೇ ಪ್ರಶ್ನೆಯಾಯಿತು.

೪

ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಮತ್ತೊಂದು ದೊಡ್ಡ ವಿವಾದ ನಡೆಯುತ್ತಿದ್ದಿತು. ೧೯೫೦ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್, ಅಮೆರಿಕದ ವೈಂಡರ್ ಮತ್ತು ಗ್ರಹಾಮ್ ಅವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದ್ದರು. ಇದನ್ನು ವಿರೋಧಿಸಿದವರಲ್ಲಿ ಅಗ್ರಗಣ್ಯರಾದವರು ಆಧುನಿಕ ಸಂಖ್ಯಾಶಾಸ್ತ್ರದ ನಿರ್ಮಾಪಕರಲ್ಲೊಬ್ಬರಾದ ರೊನಾಲ್ಡ್ ಫಿಷರ್. ಅವರು ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಸಿಗರೇಟು ಸೇದಬೇಕೆಂಬ ಒಲವೂ ಕ್ಯಾನ್ಸರಿಗೆ ಈಡಾಗುವ ಸ್ವಭಾವವೂ ಒಂದೇ ಆನುವಂಶಿಕ ಪ್ರಕೃತಿಯಿಂದ ಬಂದಿರಬಹುದು. ಹಾಗಿದ್ದರೆ ಒಂದು ಮತ್ತೊಂದಕ್ಕೆ ಕಾರಣವಾಗಲಾರದು ಎಂಬುದು ೧೯೫೭–೫೮ರಲ್ಲಿ ಅವರು ಮಂಡಿಸಿದ ವಾದದ ಸಾರ. ಇದೇ ತರ್ಕವನ್ನು ಗರ್ಭಿಣಿಯರಿಗೂ ಅನ್ವಯಿಸಬಹುದಾಗಿತ್ತು. ಸಿಗರೇಟು ಸೇದುವ ಹೆಂಗಸರು ದೇಹಪ್ರಕೃತಿಯಲ್ಲಿ ಮತ್ತು ಜೀವನಕ್ರಮದಲ್ಲಿ ಇತರರಿಗಿಂತ ಭಿನ್ನರಾಗಿದ್ದು, ಸೇದಲಿ ಬಿಡಲಿ, ಅವರಿಗೆ ಹುಟ್ಟುವ ಮಕ್ಕಳೇ ಚಿಕ್ಕವಾಗಿರಬಾರದೇಕೆ?

ಆಗಿನ ಅನಿಶ್ಚಯ ಎಷ್ಟರದೆಂಬುದನ್ನು ೧೯೬೪ರ ಜನವರಿಯಲ್ಲಿ ಹೊರಬಂದ ಅಮೆರಿಕದ ಸರ್ಜನ್ ಜನರಲ್ ಅವರ ಪ್ರಸಿದ್ಧ ವರದಿಯಿಂದ ತಿಳಿಯಬಹುದು. ಗಂಡಸರ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಕಾರಣವೆಂದು ನಿಸ್ಸಂದೇಹವಾಗಿ ಸಾರಿದ ಅದೇ ವರದಿ, ಗರ್ಭಿಣಿಯರ ವಿಷಯಕ್ಕೆ ಬಂದಾಗ ತುಂಬ ಎಚ್ಚರಿಕೆಯಿಂದ ಮಾತನಾಡಿತು. ಸೇದುವವರ ಮಕ್ಕಳ ತೂಕ ಕಡಿಮೆಯೆಂಬುದನ್ನು ಒಪ್ಪಿಕೊಂಡು, ಅದು ಹೇಗೆ ಉಂಟಾಗುತ್ತದೆಂಬುದಾಗಲಿ, ಅದರಿಂದ ಮಗುವಿನ ಜೀವಶಕ್ತಿಗೆ ಕುಂದುಂಟೇ ಎಂಬುದಾಗಲಿ ತಿಳಿಯದೆಂದು ಹೇಳಿತು.

ಈ ಅನಿಶ್ಚಯವನ್ನು ಶಾಸ್ತ್ರೀಯವಾದ ಸವಾಲಾಗಿ ಮಾರ್ಪಡಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಜೀವಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಕಬ್ ಯೆರುಶಾಲ್ಮಿ. ಓಕ್ಲೆಂಡ್ ಪ್ರದೇಶದ ಗರ್ಭಿಣಿಯರನ್ನು ಗರ್ಭಾವಸ್ಥೆಯಲ್ಲಿಯೇ ಪ್ರಶ್ನಿಸಿ, ಅನಂತರ ಹುಟ್ಟಿದ ಮಕ್ಕಳನ್ನು ಅನುಸರಿಸುವ ವ್ಯಾಪಕವಾದ ಅಧ್ಯಯನ ಅವರದು. ೧೯೭೧ರಲ್ಲಿ ಪ್ರಕಟವಾದ ಅವರ ಲೇಖನಕ್ಕೆ ಹದಿಮೂರು ಸಾವಿರಕ್ಕೂ ಹೆಚ್ಚು ಜನನಗಳ ಆಧಾರವಿತ್ತು. ಸಿಗರೇಟು ಸೇದುವವರಲ್ಲಿ ಕಡಿಮೆ ತೂಕದ ಮಕ್ಕಳು ಸುಮಾರು ಎರಡರಷ್ಟು ಹುಟ್ಟುತ್ತಿದ್ದುದು ಅವರಿಗೂ ಕಂಡಿತು. ಆದರೆ ಆ ಕಡಿಮೆ ತೂಕದ ಮಕ್ಕಳನ್ನೇ ಪ್ರತ್ಯೇಕಿಸಿ, ಮೊದಲ ತಿಂಗಳಿನಲ್ಲಿ ಸತ್ತವೆಷ್ಟು ಎಂದು ಎಣಿಸಿದಾಗ ಆಶ್ಚರ್ಯಕರವಾದ ಫಲ ಬಂದಿತು. ಸೇದುವ ತಾಯಂದಿರ ಚಿಕ್ಕ ಮಕ್ಕಳಲ್ಲಿ ಮರಣದ ಪ್ರಮಾಣ, ಸೇದದ ತಾಯಂದಿರ ಚಿಕ್ಕ ಮಕ್ಕಳಲ್ಲಿದ್ದುದರ ಸುಮಾರು ಅರ್ಧದಷ್ಟೇ ಇದ್ದಿತು. ಸಿಗರೇಟು ಮಗುವಿಗೆ ಹಾನಿಕಾರಕವಾಗಿದ್ದರೆ ಇದು ಹೇಗೆ ಸಾಧ್ಯವೆಂದು ಅವರು ಕೇಳಿದರು. ಮರುವರ್ಷ ಅವರು ಇನ್ನೊಂದು ಲೇಖನವನ್ನು ಪ್ರಕಟಿಸಿ, ಮುಂದೆ ಸಿಗರೇಟಿಗೆ ತೊಡಗಿದ ಹೆಂಗಸರು ಅದಕ್ಕೆ ಮೊದಲೇ ಹೆತ್ತ ಮಕ್ಕಳಲ್ಲಿಯೂ ಕಡಿಮೆ ತೂಕದವು ಹೆಚ್ಚಾಗಿದ್ದುವೆಂದು ತೋರಿಸಿದರು. ಕಾರಣ ಸಿಗರೇಟಲ್ಲ, ಸೇದುವವಳ ಪ್ರಕೃತಿ ಎಂಬ ಕಡೆಗೆ ಈ ವಾದ ಬೊಟ್ಟುಮಾಡುತ್ತಿತ್ತು.

೫

ಯೆರುಶಾಲ್ಮಿಯವರ ಅಂಕಿಗಳು ತಪ್ಪಾಗಿರಲಿಲ್ಲ. ಅದೇ ಬಗೆಯ ಫಲ ಇತರ ದೇಶಗಳ ಅಂಕಿಗಳಲ್ಲಿಯೂ ಕಂಡುಬಂದಿದೆ. ದೋಷವಿದ್ದುದು ಹೋಲಿಕೆಯ ಕ್ರಮದಲ್ಲಿ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ನೀರು ಸಾಲದ ಗದ್ದೆಯೊಂದರಲ್ಲಿ ತೆನೆಗಳೆಲ್ಲ ಸಾಮಾನ್ಯವಾಗಿ ತುಸು ಚಿಕ್ಕವಾಗಿರುತ್ತವೆ. ಪಕ್ಕದಲ್ಲಿ ನೀರು ಸಮೃದ್ಧವಾಗಿರುವ ಗದ್ದೆಯುಂಟು; ಅಲ್ಲಿ ಒಂದು ತೆನೆ ಚಿಕ್ಕದಾಗಬೇಕಾದರೆ ಬೇರಿಗೆ ಹುಳು ಹತ್ತಿರಬೇಕು, ಇಲ್ಲವೆ ರೋಗ ತಗುಲಿರಬೇಕು. ಈಗ ಎರಡು ಗದ್ದೆಗಳಿಂದಲೂ ಚಿಕ್ಕ ತೆನೆಗಳನ್ನು ಮಾತ್ರ ಆರಿಸಿ ಹೋಲಿಸಿದರೆ, ನೀರಿಲ್ಲದ ಗದ್ದೆಯ ತೆನೆಗಳೇ ಹೆಚ್ಚು ಆರೋಗ್ಯವಾಗಿ ತೋರುತ್ತವೆ. ಅದರಿಂದ ನೀರಿನ ಕೊರತೆ ಪೈರಿಗೆ ಹಿತವೆಂದು ಯಾವ ರೈತನೂ ತೀರ್ಮಾನಿಸುವುದಿಲ್ಲ.

ಮಕ್ಕಳ ವಿಷಯದಲ್ಲಿಯೂ ನಡೆದುದು ಇದೇ. ಸಿಗರೇಟು ಸೇದದ ತಾಯಿಯ ಮಗು ೨,೫೦೦ ಗ್ರಾಮಿಗಿಂತ ಕಡಿಮೆ ತೂಗಿದರೆ ಅದಕ್ಕೆ ಅಂಗವೈಕಲ್ಯ, ಸೋಂಕು, ತೀರ ಬೇಗ ಆದ ಹೆರಿಗೆ ಮುಂತಾದ ಗಂಡಾಂತರಕರ ಕಾರಣಗಳಿರುವ ಸಂಭವ ಹೆಚ್ಚು. ಸೇದುವ ತಾಯಿಯ ಮಗುವಾದರೆ ಸಿಗರೇಟಿನಿಂದಲೇ ಆ ಗೆರೆಗಿಂತ ಕೆಳಕ್ಕೆ ಬಂದಿರಬಹುದು. ಚಿಕ್ಕ ಮಕ್ಕಳನ್ನು ಮಾತ್ರ ಆರಿಸಿಕೊಂಡಾಗ ಒಂದು ಕಡೆ ರೋಗಪೀಡಿತ ಮಕ್ಕಳೂ ಇನ್ನೊಂದು ಕಡೆ ಸಿಗರೇಟಿನಿಂದ ತೂಕ ಕಳೆದುಕೊಂಡ ಮಕ್ಕಳೂ ಎದುರುಬದುರಾಗುತ್ತಾರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಚಿಕ್ಕ ಮಕ್ಕಳಲ್ಲಿ ಸತ್ತವೆಷ್ಟು ಎಂಬುದಲ್ಲ, ಹುಟ್ಟಿದ ಎಲ್ಲ ಮಕ್ಕಳಲ್ಲಿ ಸತ್ತವೆಷ್ಟು ಎಂಬುದು. ಈ ವಿರೋಧಾಭಾಸದ ತಾರ್ಕಿಕ ರಚನೆಯನ್ನು ಕಾರಣಸಂಬಂಧಗಳ ರೇಖಾಚಿತ್ರಗಳ ಮೂಲಕ ಸ್ಪಷ್ಟವಾಗಿ ಬಿಡಿಸಿ ತೋರಿಸಿದುದು ೨೦೦೬ರಷ್ಟು ಈಚೆಗೆ, ಹೆರ್ನಾಂಡೆಜ್-ಡಿಯಾಜ್, ಶಿಸ್ಟರ್‌ಮನ್ ಮತ್ತು ಹೆರ್ನಾನ್ ಅವರ ಲೇಖನದಲ್ಲಿ.

೬

ಹುಟ್ಟಿದ ಎಲ್ಲ ಮಕ್ಕಳನ್ನು ಎಣಿಸುವ ಕೆಲಸ ಬ್ರಿಟನ್ನಿನಲ್ಲಿ ಆಗಲೇ ನಡೆದಿತ್ತು. ೧೯೫೮ರ ಮಾರ್ಚ್ ೩ರಿಂದ ೯ರವರೆಗಿನ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಆದ ಸುಮಾರು ೧೭,೦೦೦ ಹೆರಿಗೆಗಳ ವಿವರಗಳನ್ನು ಸಂಗ್ರಹಿಸಲಾಗಿತ್ತು. ಪ್ರಸವದ ಆಸುಪಾಸಿನಲ್ಲಿ ಮಕ್ಕಳು ಸಾಯುವುದೇಕೆ ಎಂಬುದನ್ನು ತಿಳಿಯುವುದೇ ಈ ಸಮೀಕ್ಷೆಯ ಉದ್ದೇಶ. ತಾಯಿ ಸಿಗರೇಟು ಸೇದುತ್ತಿದ್ದಳೇ ಎಂಬುದು ಕೇಳಿದ ಹಲವು ಪ್ರಶ್ನೆಗಳಲ್ಲಿ ಒಂದಾಗಿದ್ದಿತು. ಈ ಸಾಮಗ್ರಿಯನ್ನು ಪುನಃ ಪರಿಶೀಲಿಸಿ ನೆವಿಲ್ ಬಟ್ಲರ್, ಹಾರ್ವೆ ಗೋಲ್ಡ್‌ಸ್ಟೈನ್ ಮತ್ತು ಇ. ಎಂ. ರಾಸ್ ಅವರು ೧೯೭೨ರಲ್ಲಿ ಪ್ರಕಟಿಸಿದ ಲೇಖನ ಈ ವಿವಾದದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ತಾಯಿಯ ವಯಸ್ಸು, ಹಿಂದಿನ ಹೆರಿಗೆಗಳ ಸಂಖ್ಯೆ, ಸಾಮಾಜಿಕ ವರ್ಗ ಮೊದಲಾದುವುಗಳಿಂದ ಬರಬಹುದಾದ ವ್ಯತ್ಯಾಸವನ್ನು ಕಳೆದ ಮೇಲೂ, ಸೇದುವವರ ಮಕ್ಕಳ ತೂಕ ಸರಾಸರಿ ೧೭೦ ಗ್ರಾಂ ಕಡಿಮೆಯಿತ್ತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಮೊದಲ ತಿಂಗಳಿನಲ್ಲಿ ಆಗುವ ಮರಣ ಶೇಕಡ ೨೮ರಷ್ಟು ಹೆಚ್ಚಾಗಿತ್ತು.

ಇದಕ್ಕಿಂತಲೂ ಬೆಲೆಯುಳ್ಳ ಮತ್ತೊಂದು ಅಂಶ ಆ ಲೇಖನದಲ್ಲಿದ್ದಿತು. ಗರ್ಭಧಾರಣೆಗೆ ಮುಂಚೆ ಸಿಗರೇಟು ಸೇದುತ್ತಿದ್ದು, ನಾಲ್ಕನೆಯ ತಿಂಗಳಿನ ಹೊತ್ತಿಗೆ ಬಿಟ್ಟ ತಾಯಂದಿರ ಮಕ್ಕಳು, ಎಂದೂ ಸೇದದವರ ಮಕ್ಕಳಿಗೆ ಸಮಾನವಾಗಿದ್ದುವು. ದೇಹಪ್ರಕೃತಿಯೇ ಕಾರಣವಾಗಿದ್ದರೆ ಸಿಗರೇಟು ಬಿಟ್ಟ ಮಾತ್ರಕ್ಕೆ ಪ್ರಕೃತಿ ಬದಲಾಗಬೇಕಾಗಿರಲಿಲ್ಲ. ಇದೇ ಮಕ್ಕಳನ್ನು ಹನ್ನೊಂದನೆಯ ವಯಸ್ಸಿನಲ್ಲಿ ಪುನಃ ಪರೀಕ್ಷಿಸಿದಾಗ, ಗರ್ಭಾವಸ್ಥೆಯಲ್ಲಿ ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು ಸೇದಿದವರ ಮಕ್ಕಳು ಸರಾಸರಿ ಒಂದು ಸೆಂಟಿಮೀಟರ್ ಗಿಡ್ಡವಾಗಿದ್ದು, ಓದು ಮತ್ತು ಗಣಿತದಲ್ಲಿ ಮೂರರಿಂದ ಐದು ತಿಂಗಳಷ್ಟು ಹಿಂದುಳಿದಿದ್ದುವೆಂದು ೧೯೭೩ರಲ್ಲಿ ವರದಿಯಾಯಿತು. ಮನೆಯ ಪರಿಸರದ ಪ್ರಭಾವವನ್ನು ಇದರಲ್ಲಿ ಪೂರ್ಣವಾಗಿ ಬೇರ್ಪಡಿಸುವುದು ಕಷ್ಟವಾದುದರಿಂದ ಈ ಎರಡನೆಯ ಫಲಕ್ಕೆ ಮೊದಲನೆಯದರಷ್ಟು ಬಲವಿಲ್ಲ.

ಕೆನಡದ ಆಂಟೇರಿಯೊ ಪ್ರಾಂತ್ಯದಲ್ಲಿ ೧೯೬೦–೬೧ರಲ್ಲಿ ಆದ ಐವತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮೇರಿ ಮೆಯರ್ ಮತ್ತು ಅವರ ಸಹೋದ್ಯೋಗಿಗಳು ವಿಶ್ಲೇಷಿಸಿ ೧೯೭೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ಒಂದು ಪ್ಯಾಕಿಗಿಂತ ಕಡಿಮೆ ಸೇದುವವರಲ್ಲಿ ಶಿಶುಮರಣದ ಅಪಾಯ ಶೇಕಡ ೨೦, ಅದಕ್ಕಿಂತ ಹೆಚ್ಚು ಸೇದುವವರಲ್ಲಿ ಶೇಕಡ ೩೫ ಹೆಚ್ಚಾಗಿತ್ತು. ಹೆರಿಗೆಗೆ ಮುನ್ನವೇ ಮಾಸು ಗರ್ಭಕೋಶದಿಂದ ಬಿಟ್ಟುಕೊಳ್ಳುವುದು, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿರುವುದು ಮೊದಲಾದ ರಕ್ತಸ್ರಾವದ ತೊಡಕುಗಳೂ ಸೇದುವವರಲ್ಲಿ ಹೆಚ್ಚಾಗಿ ಕಂಡುಬಂದುವು. ಮರಣಕ್ಕೆ ದಾರಿ ಯಾವುದೆಂಬುದು ಇದರಿಂದ ಸ್ವಲ್ಪಮಟ್ಟಿಗೆ ಗೋಚರವಾಯಿತು.

ಅದೇ ದಶಕದಲ್ಲಿ ಶರೀರಕ್ರಿಯಾಶಾಸ್ತ್ರದ ಕಡೆಯಿಂದಲೂ ವಿವರಣೆ ದೊರೆಯಿತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಮಾಸಿನ ಮೂಲಕ ಅದು ಭ್ರೂಣದ ರಕ್ತವನ್ನು ಸೇರಿ, ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ನಿಲ್ಲುತ್ತದೆ. ಮಗುವಿಗೆ ಸಲ್ಲಬೇಕಾದ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೋಪನ್‌ಹೇಗನ್ನಿನ ಪೌಲ್ ಆಸ್ಟ್ರುಪ್ ಮತ್ತು ಅವರ ಸಂಗಡಿಗರು ಗರ್ಭಧರಿಸಿದ ಮೊಲಗಳನ್ನು ಈ ಅನಿಲವಿದ್ದ ಗಾಳಿಯಲ್ಲಿರಿಸಿ, ಮರಿಗಳ ತೂಕ ಕುಗ್ಗುವುದನ್ನು ೧೯೭೨ರಲ್ಲಿ ತೋರಿಸಿದರು. ನಿಕೊಟಿನ್ ಕೂಡ ಮಾಸನ್ನು ದಾಟುತ್ತದೆ. ಗರ್ಭಕೋಶದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ.

೭

ವಿದ್ವಾಂಸರ ವಿವಾದ ಪತ್ರಿಕೆಗಳ ಪುಟಗಳಲ್ಲಿ ನಡೆಯುತ್ತಿದ್ದಾಗ ಹೊರಗಡೆ ಅದು ಬೇರೊಂದು ರೂಪವನ್ನು ತಾಳಿತು. ೧೯೭೧ರ ಜನವರಿಯಲ್ಲಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥರಾಗಿದ್ದ ಜೋಸೆಫ್ ಕಲ್‌ಮನ್ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಸೇದುವವರ ಮಕ್ಕಳು ಚಿಕ್ಕವಾಗಿದ್ದರೂ ಆರೋಗ್ಯದಲ್ಲಿ ಕಡಿಮೆಯಿಲ್ಲವೆಂದೂ, ಚಿಕ್ಕ ಮಗುವನ್ನೇ ಬಯಸುವ ಹೆಂಗಸರೂ ಇದ್ದಾರೆಂದೂ ಅವರು ಉತ್ತರವಿತ್ತರು. ಯೆರುಶಾಲ್ಮಿ ಎತ್ತಿದುದು ಕಾರಣವನ್ನು ನಿರ್ಣಯಿಸುವ ಕ್ರಮವನ್ನು ಕುರಿತ ಪ್ರಶ್ನೆ; ಅದಕ್ಕೆ ಉತ್ತರ ಹುಡುಕಿದುದರಿಂದ ಶಾಸ್ತ್ರಕ್ಕೆ ಲಾಭವೇ ಆಯಿತು. ಕಲ್‌ಮನ್ನರ ಮಾತಾದರೋ ಪ್ರಶ್ನೆಯನ್ನು ಮುಚ್ಚುವ ಸಮಾಧಾನ. ಹೊರಗಿನಿಂದ ನೋಡುವವರಿಗೆ ಈ ಎರಡರ ಭೇದ ಸುಲಭವಾಗಿ ಕಾಣುವಂತಹುದಲ್ಲ. ಇತ್ತ ಬ್ರಿಟನ್ನಿನ ಆರೋಗ್ಯ ಶಿಕ್ಷಣ ಮಂಡಲಿಯು ೧೯೭೦ರ ದಶಕದ ಮೊದಲ ವರ್ಷಗಳಲ್ಲಿಯೇ ಸಿಗರೇಟು ಹಿಡಿದ ಗರ್ಭಿಣಿಯ ಚಿತ್ರವುಳ್ಳ ಭಿತ್ತಿಪತ್ರಗಳನ್ನು ಹೊರಡಿಸಿ ತಾಯಂದಿರನ್ನು ಎಚ್ಚರಿಸತೊಡಗಿತ್ತು.

ದೇಹಪ್ರಕೃತಿಯ ವಾದಕ್ಕೆ ಕೊನೆಯ ಉತ್ತರ ದೊರೆಯಬೇಕಾದರೆ ಪ್ರಯೋಗ ನಡೆಯಬೇಕಾಗಿತ್ತು. ಗರ್ಭಿಣಿಯರಿಗೆ ಸಿಗರೇಟು ಕೊಟ್ಟು ಪರೀಕ್ಷಿಸುವುದು ಯಾವ ನ್ಯಾಯಕ್ಕೂ ಸಲ್ಲದು. ಆದರೆ ಈಗಾಗಲೇ ಸೇದುತ್ತಿರುವವರಿಗೆ ಬಿಡಲು ನೆರವಾಗಬಹುದು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೇರಿ ಸೆಕ್ಸ್‌ಟನ್ ಮತ್ತು ರಿಚರ್ಡ್ ಹೆಬೆಲ್ ಅವರು ಸಿಗರೇಟು ಸೇದುತ್ತಿದ್ದ ೯೩೫ ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಬಿಡುವುದಕ್ಕೆ ಬೇಕಾದ ಸಲಹೆ ಸಹಾಯಗಳನ್ನು ಒದಗಿಸಿದರು. ಹೀಗೆ ವಿಂಗಡಿಸಿದಾಗ ದೇಹಪ್ರಕೃತಿ, ಬಡತನ, ಅಭ್ಯಾಸಗಳೆಲ್ಲ ಎರಡು ಗುಂಪುಗಳಲ್ಲಿಯೂ ಸಮಾನವಾಗಿ ಹಂಚಿಹೋಗುತ್ತವೆ. ಸಹಾಯ ಪಡೆದ ಗುಂಪಿನ ಮಕ್ಕಳು ಸರಾಸರಿ ೯೨ ಗ್ರಾಂ ಹೆಚ್ಚು ತೂಗಿದುವೆಂದು ೧೯೮೪ರಲ್ಲಿ ವರದಿಯಾಯಿತು. ಆ ಗುಂಪಿನಲ್ಲಿಯೂ ಎಲ್ಲರೂ ಸಿಗರೇಟು ಬಿಟ್ಟಿರಲಿಲ್ಲವೆಂಬುದನ್ನು ನೆನೆದರೆ ಈ ೯೨ ಗ್ರಾಮಿನ ಮಹತ್ವ ಅರಿವಾಗುತ್ತದೆ. ಮರುವರ್ಷ, ೧೯೮೫ರಿಂದ, ಅಮೆರಿಕದ ಸಿಗರೇಟು ಪ್ಯಾಕುಗಳ ಮೇಲೆ ಗರ್ಭಿಣಿಯರನ್ನು ಕುರಿತ ಎಚ್ಚರಿಕೆಯ ವಾಕ್ಯ ಅಚ್ಚಾಗತೊಡಗಿತು. ಭ್ರೂಣಕ್ಕೆ ಹಾನಿ, ಅಕಾಲಪ್ರಸವ, ಕಡಿಮೆ ತೂಕ ಈ ಮೂರನ್ನೂ ಅದು ಹೆಸರಿಸುತ್ತಿತ್ತು. ಮಲಗಿದ ಶಿಶುವಿನ ಆಕಸ್ಮಿಕ ಮರಣಕ್ಕೂ ತಾಯಿಯ ಧೂಮಪಾನಕ್ಕೂ ಇರುವ ಸಂಬಂಧ ಮುಂದೆ ದೃಢಪಟ್ಟಿತು. ಸೀಳುತುಟಿ, ಸೀಳಂಗುಳಗಳಿಗೂ ಅದು ಕಾರಣವೆಂದು ಸರ್ಜನ್ ಜನರಲ್ ಅವರ ೨೦೧೪ರ ವರದಿ ತೀರ್ಮಾನಿಸಿತು.

೮

ನಮ್ಮ ದೇಶದಲ್ಲಿ ಈ ಪ್ರಶ್ನೆಯ ಆಕಾರ ಬೇರೆ. ೨೦೧೬–೧೭ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕ ಹೆಂಗಸರಲ್ಲಿ ಧೂಮಪಾನಿಗಳು ಶೇಕಡ ೨ರಷ್ಟು. ಜಗಿಯುವುದೇ ಮೊದಲಾದ ರೀತಿಯಲ್ಲಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಸುಮಾರು ಶೇಕಡ ೧೩. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಹಾಕಿಕೊಳ್ಳುವ ಹೆಂಗಸರು ಕನ್ನಡನಾಡಿನ ಹಳ್ಳಿಗಳಿಗೂ ಅಪರಿಚಿತರಲ್ಲ. ಅಂಥವರನ್ನು ಯಾರೂ ಧೂಮಪಾನಿಗಳೆಂದು ಎಣಿಸುವುದಿಲ್ಲ. ಅವರೂ ಹಾಗೆ ಭಾವಿಸುವುದಿಲ್ಲ. ಮುಂಬಯಿಯ ೧,೨೧೭ ಗರ್ಭಿಣಿಯರನ್ನು ಅನುಸರಿಸಿ ಪ್ರಕಾಶ ಗುಪ್ತ ಮತ್ತು ಶ್ರೀವಿದ್ಯಾ ಅವರು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದುದು. ಹೊಗೆಯಿಲ್ಲದ ತಂಬಾಕನ್ನು ಬಳಸುವ ತಾಯಂದಿರ ಮಕ್ಕಳು ಸರಾಸರಿ ೧೦೫ ಗ್ರಾಂ ಕಡಿಮೆ ತೂಗುತ್ತಿದ್ದುವು. ಅವಧಿಗೆ ಮುನ್ನ ಆಗುವ ಹೆರಿಗೆಯೂ ಅವರಲ್ಲಿ ಹೆಚ್ಚಾಗಿತ್ತು. ಇಲ್ಲಿ ಹೊಗೆಯೂ ಇಲ್ಲ, ಕಾರ್ಬನ್ ಮಾನಾಕ್ಸೈಡೂ ಇಲ್ಲ. ಆದರೂ ಫಲ ಅದೇ ದಿಕ್ಕಿನಲ್ಲಿದೆ.

ಮೇಲಿನ ಇತಿಹಾಸದಿಂದ ಎರಡು ಸಂಗತಿಗಳು ಹೊರಪಡುತ್ತವೆ. ಮೊದಲನೆಯದು, ಅಂಕಿಗಳು ನಿಜವಾಗಿದ್ದರೂ ಅವುಗಳನ್ನು ಹೋಲಿಸುವ ಕ್ರಮ ತಪ್ಪಾದರೆ ನಿರ್ಣಯ ದಾರಿತಪ್ಪುತ್ತದೆ; ಇದು ಇತಿಹಾಸದ ವಿದ್ಯಾರ್ಥಿಗೂ ಅಷ್ಟೇ ಅನ್ವಯಿಸುವ ಮಾತು. ಎರಡನೆಯದು, ಕಾರಣವನ್ನು ಸಿದ್ಧಾಂತಪಡಿಸಲು ಬೇಕಾಗುವ ಪ್ರಮಾಣ ಬೇರೆ, ಎಚ್ಚರಿಕೆ ಹೇಳಲು ಬೇಕಾಗುವ ಪ್ರಮಾಣ ಬೇರೆ. ನಾಲ್ಕನೆಯ ತಿಂಗಳಿನೊಳಗೆ ಸಿಗರೇಟು ಬಿಟ್ಟರೆ ಮಗು ಇತರ ಮಕ್ಕಳಂತೆಯೇ ಹುಟ್ಟುವುದೆಂಬ ಸಂಗತಿ ೧೯೭೨ರಲ್ಲಿಯೇ ಅಚ್ಚಿನಲ್ಲಿದ್ದಿತು. ಸಿಗರೇಟು ಬಿಡುವುದರಿಂದ ತಾಯಿಗೆ ನಷ್ಟವೇನೂ ಇರಲಿಲ್ಲ. ವಿದ್ವಾಂಸರು ಸಂದೇಹವನ್ನು ತೀರಿಸಿಕೊಳ್ಳಲು ತೆಗೆದುಕೊಂಡ ಕಾಲ ಅವರ ಹಕ್ಕಾಗಿತ್ತು. ಆದರೆ ಸಂದೇಹ ತೀರುವವರೆಗೆ ಎಚ್ಚರಿಕೆಯೂ ಕಾಯಬೇಕೆಂದು ವಾದಿಸಿದಾಗ ಆ ಕಾಲದ ಬೆಲೆಯನ್ನು ತೆತ್ತವರು ವಾದದಲ್ಲಿ ಪಾಲುಗೊಳ್ಳಲಾರದ ಮಕ್ಕಳು. ಹೊಗೆಸೊಪ್ಪನ್ನು ಜಗಿಯುವ ನಮ್ಮ ತಾಯಂದಿರ ವಿಷಯದಲ್ಲಿಯಾದರೂ ಆ ಇಪ್ಪತ್ತೇಳು ವರ್ಷಗಳ ಕಥೆಯನ್ನು ಮೊದಲಿನಿಂದ ಪುನಃ ನಡೆಸಬೇಕಾದ ಅಗತ್ಯವಿಲ್ಲ.